ಸುಮಕ್ಕನ ಗುಡ್ಡೆ

ಮೊನ್ನೆ ಭಾನುವಾರ ರನ್‌ಕಾರ್ನ್‌ನ ನಮ್ಮ ಮನೆಯ ಹಿತ್ತಲಲ್ಲಿ ಮುಸುಕಿನ ಜೋಳ ಸುಡಲೆಂದು ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ, ಹೊತ್ತಿಸಲು ಹೋಗಿ ಮುಂಗೈ ಮೇಲಿನ ಕೂದಲನ್ನೆಲ್ಲ ಸುಟ್ಟುಕೊಂಡೆ. ಗ್ಯಾಸ್ ತಿರುಗಿಸಿ ಲೈಟರ್ ಎಲ್ಲಿಟ್ಟೆ ಎಂದು ಹುಡುಕುವಷ್ಟರಲ್ಲಿ ಗ್ಯಾಸ್ ತುಂಬಿಕೊಂಡಿತ್ತು, ಲೈಟರ್ ಒತ್ತಿದ ಕೂಡಲೇ ಭಗ್ಗೆಂದಿತು. ಕೈಗೇನೂ ಆಗಲಿಲ್ಲ. ಆದರೆ ಆ ವಾಸನೆ ಬಂತು ನೋಡಿ, ಸುಟ್ಟ ಕೂದಲಿನ ವಾಸನೆ! ಹೆಂಡತಿ ಮೂಗು ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಮಾತ್ರ ಇಕ್ಕಳ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನನ್ನ ಮನಸ್ಸು ಆಗಲೇ ಬ್ರಿಸ್ಬೇನ್ ಬಿಟ್ಟು ಅಡಿಲೇಡ್‌ಗೆ, ಸ್ಯಾಲಿಸ್‌ಬರಿಯ ಮಂಜುವಿನ ಮನೆಯ ಹಿತ್ತಲಿಗೆ ಹೋಗಿಯಾಗಿತ್ತು.

ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಾನು ಒಂದಿಡೀ ಚಳಿಗಾಲ ಮೊಲದ ಬೇಟೆಗೆ ಹೋಗಿದ್ದೆ ಎಂದರೆ ಮೈಸೂರಿನಲ್ಲಿರುವ ನಮ್ಮಮ್ಮ ಇಂದಿಗೂ ನಂಬುವುದಿಲ್ಲ. ನಂಬಿಸುವ ಗೋಜಿಗೆ ನಾನೂ ಹೋಗಿಲ್ಲ.

ಕೊರೊನಾ ಮುಗಿದು ಆಗಷ್ಟೇ ದೇಶದ ಗಡಿ ತೆರೆದಿದ್ದ ಕಾಲ ಅದು. ಊರಿನ ಮುಖ ಕಾಣದೆ ಕಾದಿದ್ದವರೆಲ್ಲ ವಿಮಾನ ಹತ್ತುತ್ತಿದ್ದರು. ನಾನು ಸ್ಯಾಲಿಸ್‌ಬರಿಯ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಮದುವೆಯಾಗಿರಲಿಲ್ಲ, ಗೆಳೆಯರಿರಲಿಲ್ಲ, ವಾರದ ಕೊನೆ ಬಂತೆಂದರೆ ಬಟ್ಟೆ ಒಗೆಯುವುದು ಬಿಟ್ಟರೆ ಬೇರೆ ಘನಕಾರ್ಯವಿರಲಿಲ್ಲ. ಮಂಜು ನನ್ನ ಪಕ್ಕದ ಟೇಬಲ್ಲಿನವನು, ಮಳವಳ್ಳಿ ಕಡೆಯ ಹುಡುಗ, ಒಳ್ಳೆ ಎಂಜಿನಿಯರು, ಮಾತು ಕಡಿಮೆ. ಇಲ್ಲಿನವರ ಹಾಗೆ ಅವನಿಗೂ ಮಧ್ಯಾಹ್ನವೆಂದರೆ 'ಆರ್ವೋ'. ಒಂದು ಶುಕ್ರವಾರ ಇದ್ದಕ್ಕಿದ್ದಂತೆ ಕೇಳಿದ.

"ಮಗಾ, ನಾಳೆ ಆರ್ವೋ ಏನ್ ಮಾಡ್ತೀಯ?"

"ಬಟ್ಟೆ ಒಗೀತೀನಿ."

"ಬಟ್ಟೆ ಎಲ್ಲೂ ಓಡೋಗಲ್ಲ. ಮೊಲ ಓಡೋಗುತ್ತೆ. ಬಾ."

"ನಾನು ತಿನ್ನಲ್ಲ ಕಣೋ."

"ತಿನ್ನು ಅಂದ್ನಾ? ಬಾ ಅಂದೆ."

ಹೀಗೆ ಕರೆದದ್ದು ಅವನಾದರೂ ಕಳಿಸಿದ್ದು ಅವನ ಹೆಂಡತಿ ಸವಿತಾ ಎಂದು ನನಗೆ ಆಮೇಲೆ ತಿಳಿಯಿತು. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದವಳು, ಮಂಜು ಕಾರಿಗೆ ಸಾಮಾನು ತುಂಬುತ್ತಿದ್ದಾಗ ಮೆಲ್ಲಗೆ ಹೇಳಿದಳು: "ಇವ್ರ ಜೊತೆ ಯಾರಾದ್ರೂ ಇದ್ರೆ ನಂಗೊಂದು ಧೈರ್ಯ ರಘು ಅವ್ರೇ. ಮಾವ ತೀರ್ಕೊಂಡಾಗ್ನಿಂದ ಒಬ್ರೇ ಹೋಗಿ ಕತ್ತಲಾಗೋ ತನ್ಕ ಕೂತ್ಬಿಡ್ತಾರೆ. ಒಂದ್ ಮೊಲಾನೂ ತರಲ್ಲ."

ನಾವು ಹೋಗುತ್ತಿದ್ದದ್ದು ಊರಿನ ಉತ್ತರಕ್ಕಿರುವ ಬಯಲಿಗೆ, ನಿಕ್ ಎಂಬ ಗ್ರೀಕ್ ಮುದುಕನ ಬಾದಾಮಿ ತೋಟಕ್ಕೆ. ಅವನು ಹೊಸದಾಗಿ ನೆಟ್ಟ ಸಸಿಗಳ ತೊಗಟೆಯನ್ನು ಮೊಲಗಳು ಕೆರೆದು ತಿನ್ನುತ್ತಿದ್ದವು. ಸುತ್ತ ಕೆರೆದರೆ ಮುಗಿಯಿತು, ಗಿಡ ಉಳಿಯುವುದಿಲ್ಲ. ಪಕ್ಕದ ಜಮೀನಿನಲ್ಲಿ ಗಬ್ಬದ ಕುದುರೆಗಳಿದ್ದುದರಿಂದ ದೊಡ್ಡ ಬಂದೂಕಿನ ಸದ್ದು ಆಗುವಂತಿರಲಿಲ್ಲ. ಅದಕ್ಕೇ ಮಂಜುವಿನ ಏರ್ ರೈಫಲ್. ಇಲ್ಲಿ ಅದಕ್ಕೂ ಲೈಸೆನ್ಸು ಬೇಕು, ಅವನ ಹತ್ತಿರ ಇತ್ತು. ನನ್ನ ಹತ್ತಿರ ಇರಲಿಲ್ಲವಾದ್ದರಿಂದ ನನ್ನ ಕೆಲಸ ಟಾರ್ಪಾಲು ಹಾಸುವುದು, ಚೀಲ ಹಿಡಿಯುವುದು, ಸೀನದಿರುವುದು.

ಸೀನದಿರುವುದು ಸುಲಭವಾಗಿರಲಿಲ್ಲ. ಚಳಿಗಾಲದಲ್ಲಿ ಆ ತೋಟದ ನೆಲವೆಲ್ಲ ಹಳದಿ ಹೂವಿನ ಕಳೆ. ಅದರ ನಡುವೆ ಬೋರಲು ಮಲಗಿದರೆ ಮೂಗಿನೊಳಗೇ ಹೂವು. ಸಮುದ್ರದ ಕಡೆಯಿಂದ ಬೀಸುವ ಗಾಳಿ ಜಾಕೆಟ್ಟಿನೊಳಗೆ ನುಗ್ಗಿ ಬೆನ್ನು ಕೊರೆಯುತ್ತಿತ್ತು. ಬಿಸಿಲು ಇಳಿಯತೊಡಗಿದಾಗ ಬೇಲಿಯ ಬುಡದ ಬಿಲಗಳಿಂದ ಮೊಲಗಳು ಹೊರಗೆ ಬರುತ್ತಿದ್ದವು. ಒಂದು ಬಂದು ಹಿಂಗಾಲ ಮೇಲೆ ಕೂತು ಕಿವಿ ನಿಮಿರಿಸಿ ನೋಡುತ್ತಿತ್ತು. ಮಂಜು ಉಸಿರು ಹಿಡಿಯುತ್ತಿದ್ದ. ತಲೆ ಸರಿಯಾಗಿ ಕಾಣದಿದ್ದರೆ, ದೂರವಿದ್ದರೆ ಹೊಡೆಯುತ್ತಲೇ ಇರಲಿಲ್ಲ. ಹೊಡೆದರೆ ಯಾರೋ ಒಂದೇ ಒಂದು ಚಪ್ಪಾಳೆ ತಟ್ಟಿದಷ್ಟೇ ಸದ್ದು. ಮೊಲ ಇದ್ದಲ್ಲೇ ಪಕ್ಕಕ್ಕೆ ವಾಲುತ್ತಿತ್ತು.

ಮೊದಲ ದಿನ ನಾನು ಚೀಲ ಹಿಡಿಯಲು ಏಳಲೇ ಇಲ್ಲ. ಬಂದದ್ದು ತಪ್ಪೇನೋ ಅನಿಸಿತು. ಮಂಜು ಎದ್ದು ಹೋಗಿ ಮೊಲದ ಮೈ ಸವರಿ, "ತಪ್ಪಾಯ್ತು ಕಣಪ್ಪ" ಎಂದು ಅದಕ್ಕೆ ಹೇಳಿದ. ಆಮೇಲೆ ಕಣ್ಣು ಊದಿಕೊಂಡಿದೆಯೇ, ರೋಗದ್ದೇ ಎಂದು ಪರೀಕ್ಷಿಸಿ ಚೀಲಕ್ಕೆ ಹಾಕಿದ.

"ಯಾಕೋ ಹಂಗಂದೆ?"

"ಅಪ್ಪ ಅನ್ನೋರು. ಹೊಡಿಯೋದೂ ಹೊಡ್ದು, ತಪ್ಪಾಯ್ತು ಅಂತ ಬೇರೆ ಅನ್ನೋರು. ನಾನು ಸುಮಕ್ಕ ಇಬ್ರೂ ನಗ್ತಿದ್ವಿ."

ಅವನಪ್ಪನ ಕಾಲಕ್ಕೆ ಊರಿನಲ್ಲಿ ಒಂದು ಏರ್‌ಗನ್ ಇದ್ದವನು ದೊಡ್ಡ ಮನುಷ್ಯ. ಕಬ್ಬು ಕಟಾವಿನ ದಿನ ಗದ್ದೆಯ ಒಂದು ಮೂಲೆಯಲ್ಲಿ ಕಡಿಯುತ್ತ ಬಂದರೆ ಇನ್ನೊಂದು ಮೂಲೆಯಿಂದ ಮೊಲಗಳು ಚಿಮ್ಮಿ ಓಡುತ್ತಿದ್ದವಂತೆ. ಈಗ ಊರಿನಲ್ಲಿ ಮೊಲ ಹೊಡೆದರೆ ಜೈಲು, ಇಲ್ಲಿ ಹೊಡೆಯದಿದ್ದರೆ ನಿಕ್‌ನ ಬೈಗುಳ. ಅಮ್ಮ ಇಲ್ಲದ ಮನೆ ಅದು. ಅಪ್ಪ ಹೊಡೆದು ತಂದರೆ ಅಕ್ಕ ಸುಮಿತ್ರಾ ಅಡುಗೆ ಮಾಡುತ್ತಿದ್ದಳು, ಮಂಜು ಚಿಕ್ಕವನು, ತಿನ್ನುತ್ತಿದ್ದ. "ಅಪ್ಪ ಊಟಕ್ಕೆ ಕೂತ್ರೆ ಏಳೋದು ಯಾವಾಗ್ಲೋ" ಎಂದು ಮಂಜು ಟಾರ್ಪಾಲಿನ ಮೇಲೆ ಮಲಗಿಯೇ ಪಿಸುಗುಡುತ್ತಿದ್ದ. "ಒಂದೊಂದ್ ಮೂಳೇನೂ ಚೀಪಿ ಚೀಪಿ, ತಟ್ಟೆ ಪಕ್ಕ ಸಾಲಾಗಿ ಜೋಡ್ಸೋರು. ನಾವು ಕೈ ತೊಳ್ದು, ಆಟ ಆಡಿ ಬಂದ್ರೂ ಇನ್ನೂ ಕೂತೇ ಇರೋರು."

ಆ ಸುಮಕ್ಕ ಇದ್ದದ್ದು ಎಲ್ಲೋ ಅಲ್ಲ, ಅಡಿಲೇಡ್‌ನಲ್ಲೇ, ಮಂಜುವಿನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಅವಳೇ ತಮ್ಮನನ್ನು ಓದಲು ಇಲ್ಲಿಗೆ ಕರೆಸಿಕೊಂಡವಳು. ಆದರೆ ಇಬ್ಬರಿಗೂ ಮಾತಿರಲಿಲ್ಲ. ಇದನ್ನು ಮಂಜು ಹೇಳಿದ್ದು ವಾಪಸು ಬರುವಾಗ, ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಕಾಫಿ ಹಿಡಿದುಕೊಂಡು ಕಾರಿಗೆ ಒರಗಿ ನಿಂತಿದ್ದಾಗ.

ಗಡಿ ಮುಚ್ಚಿದ್ದ ಕಾಲದಲ್ಲಿ ಅಪ್ಪ ತೀರಿಕೊಂಡರು. ಹೋಗಲು ಅನುಮತಿ ಸಿಗುವ ಹಾಗಿತ್ತು, ವಾಪಸು ಬರುವ ಖಾತ್ರಿ ಇರಲಿಲ್ಲ. ಮಂಜುವಿನದು ಆಗಿನ್ನೂ ತಾತ್ಕಾಲಿಕ ವೀಸಾ, ಸವಿತಾ ತುಂಬಿದ ಬಸುರಿ.

"ಅಕ್ಕ ಅಂದ್ಲು, ನೀನು ಗಂಡ್ಮಗ, ಹೋಗಿ ಕೊಳ್ಳಿ ಇಡು, ನಾನು ಹೋದ್ರೆ ನನ್ ಕೈಲಿ ಇಡಿಸ್ತಾರಾ ಅಂತ. ಸವಿತಾನ ನಾನು ನೋಡ್ಕೋತೀನಿ ಅಂದ್ಲು. ನಂಗೆ ಆಗ್ಲಿಲ್ಲ ಮಗಾ. ಹೋಗಿ ಅಲ್ಲೇ ಸಿಕ್ಕಾಕೊಂಡ್ಬಿಟ್ರೆ? ಚಿಕ್ಕಪ್ಪನ ಮಗ ಇಟ್ಟ. ನಾವು ಫೋನಲ್ಲಿ ನೋಡಿದ್ವಿ. ಅಕ್ಕ ಫೋನ್ ಇಟ್ಟು, 'ಆಯ್ತು ಬಿಡು' ಅಂದ್ಲು. ಅಷ್ಟೇ. ಅದೇ ಕೊನೆ."

ನಾನು ಯಾರ ಪರವೂ ವಹಿಸಲಿಲ್ಲ. ವಹಿಸುವುದಕ್ಕೆ ಇದ್ದದ್ದಾದರೂ ಏನು? ಇಬ್ಬರದೂ ಸರಿಯೇ ಆಗಿತ್ತು. ಇಬ್ಬರಿಗೂ ಆ ಅಪ್ಪ ಬೇಕಾಗಿದ್ದರು.

ಮನೆಗೆ ಬಂದ ಮೇಲೆ ನನ್ನ ನಿಜವಾದ ಉದ್ಯೋಗ ಶುರುವಾಯಿತು. ಮಂಡ್ಯದ ಕಡೆ ಹಂಚಿಕೊಳ್ಳುವ ಬಾಡನ್ನು ತೂಗುವುದಿಲ್ಲ, ಗುಡ್ಡೆ ಹಾಕುತ್ತಾರೆ. ಎಲ್ಲ ಭಾಗವೂ ಎಲ್ಲ ಗುಡ್ಡೆಯಲ್ಲೂ ಇರಬೇಕು, ಕಾಲೊಂದು ಕಡೆ ಎದೆಯೊಂದು ಕಡೆ ಆಗಬಾರದು. ಆಮೇಲೆ ಒಬ್ಬ ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ "ಇದು ಯಾರದು?" ಎನ್ನುತ್ತಾನೆ. ತಿರುಗಿ ನಿಂತವನು ಒಂದು ಹೆಸರು ಹೇಳುತ್ತಾನೆ. ಹೇಳಿದ ಮೇಲೆ ಮುಗಿಯಿತು, ಆ ಗುಡ್ಡೆ ಆ ಮನೆಯದೇ. ಬದಲಿಸುವಂತಿಲ್ಲ, ಮುನಿಸಿಕೊಳ್ಳುವಂತಿಲ್ಲ.

"ನೀನೇ ತಿರುಗ್ಬೇಕು ಮಗಾ. ನೀನು ತಿನ್ನಲ್ಲ, ನಿಂಗೆ ಆಸೆ ಇಲ್ಲ. ನಿನ್ನಂಥೋನು ನಮ್ಮೂರಲ್ಲಿ ಹುಡುಕಿದ್ರೂ ಸಿಗ್ತಿರ್ಲಿಲ್ಲ."

ಬೇಲಿಗೆ ಮುಖ ಮಾಡಿ ನಿಂತೆ. ಮೂರು ಗುಡ್ಡೆ, ಮೂರು ಹೆಸರು: ತೋಟದವನು ನಿಕ್, ಮಂಜುವಿನ ಮನೆ, ಮೂರನೆಯದು ಸುಮಕ್ಕ. ನನಗೆ ಹೆಸರು ಹೇಳಿಕೊಡುವಾಗ ಮಂಜು ಅದನ್ನು ಮಾತ್ರ ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದ. "ಮಾತು ಬಿಟ್ಟೋರ ಮನೆ ಗುಡ್ಡೇನೂ ತೆಗೀಬೇಕು. ಅಪ್ಪ ತೆಗೀತಿದ್ರು."

ತೆಗೆದದ್ದೇನೋ ಆಯಿತು, ಕೊಡುವವರು ಯಾರು? ಮಂಜುವಿಗೆ ಧೈರ್ಯವಿಲ್ಲ. ಸವಿತಾ ಫೋನ್ ಮಾಡಿದರೆ ಆ ಕಡೆ ಎತ್ತುವುದಿಲ್ಲ. ಆ ಗುಡ್ಡೆ ಐಸ್‌ಕ್ರೀಂ ಡಬ್ಬಿ ಸೇರಿ ಫ್ರೀಜರಿಗೆ ಹೋಯಿತು. ಮುಂದಿನ ಶನಿವಾರದ ಗುಡ್ಡೆಯೂ ಹೋಯಿತು. ಚಳಿಗಾಲ ನಡುವಿಗೆ ಬರುವ ಹೊತ್ತಿಗೆ ಫ್ರೀಜರಿನಲ್ಲಿ ಬಟಾಣಿ ಇಡಲೂ ಜಾಗವಿರಲಿಲ್ಲ. "ನಿಮ್ಮಕ್ಕ ನಮ್ಮನೇಲೇ ಇದ್ದಾರೆ ಬಿಡಿ" ಎಂದು ಸವಿತಾ ನಗುತ್ತಲೇ ಹೇಳಿ ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡಳು.

ಕೊನೆಗೆ ನಾನೇ ಒಂದು ಡಬ್ಬಿ ಹಿಡಿದು ಹೊರಟೆ. ಮಂಜುವಿಗೆ ಹೇಳಲಿಲ್ಲ, ಸವಿತಾಗೆ ಹೇಳಿದೆ.

ಸುಮಕ್ಕ ಬಾಗಿಲು ತೆಗೆದಳು. ಮಂಜುವಿನದೇ ಮುಖ, ಇನ್ನೂ ಸ್ವಲ್ಪ ಗಟ್ಟಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಮಂಜುವಿನ ಜೊತೆ ಕೆಲಸ ಮಾಡುವವನು ಎಂದೆ. ನನ್ನನ್ನು ಕೂರಿಸಿ ಫಿಲ್ಟರ್ ಕಾಫಿ ಕೊಟ್ಟಳು, ಮೈಸೂರಿನಲ್ಲಿ ಯಾವ ಬೀದಿ ಎಂದು ವಿಚಾರಿಸಿದಳು. ಮೇಜಿನ ಮೇಲಿನ ಡಬ್ಬಿಯ ಕಡೆ ಮಾತ್ರ ನೋಡಲಿಲ್ಲ. ಕಾಫಿ ಮುಗಿಯಿತು, ಇನ್ನು ಏಳಲೇಬೇಕು.

"ನಿಮ್ಮ ಪಾಲು" ಎಂದೆ.

"ನಂಗೆ ಯಾವ ಪಾಲೂ ಬೇಡ ಅಂತ ಹೇಳಿ ಅವನಿಗೆ."

"ಗುಡ್ಡೆ ಹಾಕಿ ಹೆಸರು ಕರೆದಿದ್ದು ಅಕ್ಕ. ಕರೆದೋನು ನಾನೇ."

ಅವಳು ಆಗ ಡಬ್ಬಿಯನ್ನು ನೋಡಿದಳು. ಮುಚ್ಚಳವನ್ನು ಒಂದು ಬೆರಳಿನಿಂದ ಎತ್ತಿದಳು. "ಸುಟ್ಟಿದ್ದೋ, ಸುಲಿದಿದ್ದೋ?"

"ಸುಲಿದಿದ್ದು."

"ಸುಲಿದಿದ್ದು ಇಲ್ಲಿ ಅಂಗಡೀಲೂ ಸಿಗುತ್ತೆ. ಅಪ್ಪ ಯಾವತ್ತಾದ್ರೂ ಸುಲಿದಿದ್ದುಂಟಾ? ಅದೂ ಮರ್ತೋಯ್ತಾ ಅವನಿಗೆ?" ಎಂದು ಮುಚ್ಚಳ ಒತ್ತಿ ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು.

ಬಂದ ದಾರಿಗೆ ಸುಂಕವಿಲ್ಲದೆ ವಾಪಸು ಬಂದೆ ಎಂದು ನಾನು ಪೆಚ್ಚಾಗಿ ಹೇಳಿದರೆ ಮಂಜು ಕುಣಿಯುವುದೊಂದು ಬಾಕಿ. "ಸುಟ್ಟಿದ್ದಾ ಅಂತ ಕೇಳಿದ್ಲಾ? ಬಾಯ್ಬಿಟ್ಟು ಕೇಳಿದ್ಲಾ?" ಎಂದು ಮೂರು ಸಲ ಕೇಳಿದ. ಸುಲಿಯದೆ, ರೋಮವನ್ನು ಬೆಂಕಿಯಲ್ಲಿ ಸುಟ್ಟು, ಚರ್ಮದ ಸಮೇತ ಸಾರು ಮಾಡುವುದು ಅವರ ಮನೆಯ ಪದ್ಧತಿ. ಅಪ್ಪ ತೆಂಗಿನ ಗರಿಯ ಬೆಂಕಿಯಲ್ಲಿ ಸುಡುತ್ತಿದ್ದರು. ಮಂಜು ನೋಡಿದ್ದ, ಮಾಡಿರಲಿಲ್ಲ.

ಮುಂದಿನ ಶನಿವಾರ ಎರಡು ಮೊಲ ಸಿಕ್ಕವು. ಮರುದಿನ ಮಧ್ಯಾಹ್ನ ಮಂಜು ಹಿತ್ತಲಲ್ಲಿ ಹಳೆಯ ಕಬ್ಬಿಣದ ತೊಟ್ಟಿಯೊಂದರಲ್ಲಿ ಬೆಂಕಿ ಮಾಡಿದ. ತೆಂಗಿನ ಗರಿ ಎಲ್ಲಿಂದ ತರುವುದು? ಬೀದಿಯ ಕೊನೆಯ ಮನೆಯವರು ಕತ್ತರಿಸಿ ಎಸೆದಿದ್ದ ಯಾವುದೋ ತಾಳೆಯ ಗರಿಗಳನ್ನು ಎಳೆದು ತಂದಿದ್ದೆವು. ಅವು ಹೊರಗೆ ಒಣಗಿ ಒಳಗೆ ಹಸಿಯಾಗಿದ್ದವು. ಹೊಗೆ ಎದ್ದಿತು, ಎಂಥ ಹೊಗೆ! ಅದರ ಜೊತೆಗೆ ಮಂಜು ಮೊಲಗಳಿಗೆ ಮೊದಲೇ ಅರಿಶಿನ, ಎಣ್ಣೆ ಬಳಿದು ಬೆಂಕಿಗೆ ಹಿಡಿದ. ರೋಮ ಚಟಪಟ ಹೊತ್ತಿಕೊಂಡು ಆ ವಾಸನೆ ಗಾಳಿಯಲ್ಲಿ ಬೇಲಿ ದಾಟಿ ಇಡೀ ಬೀದಿಗೆ ಹೋಯಿತು. ಕೂದಲು ಸುಡುವ ವಾಸನೆ, ಕಪ್ಪು ಹೊಗೆ, ಒಳಗೆ ಕೂಸಿನ ಅಳು. ಪಕ್ಕದ ಮನೆಯ ಮುದುಕಿ ಏನೆಂದುಕೊಂಡಿರಬೇಡ? ಅವಳು ಫೋನ್ ಮಾಡಿದಳು.

ಸೈರನ್ನು ಎಲ್ಲಿಗೋ ಹೋಗುತ್ತಿದೆ ಎಂದುಕೊಂಡೆವು. ಅದು ನಮ್ಮ ಬಾಗಿಲಲ್ಲೇ ನಿಂತಿತು. ಹೆಲ್ಮೆಟ್ಟಿನ ನಾಲ್ಕು ಜನ ಪಕ್ಕದ ಗೇಟಿನಿಂದ ಹಿತ್ತಲಿಗೆ ನುಗ್ಗಿದರು. ಎದುರಿಗೆ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡ ಮಂಜು, ಅವನ ಎರಡು ಕೈಯಲ್ಲಿ ಅರ್ಧ ಹಳದಿ ಅರ್ಧ ಕರಿಯಾದ ಎರಡು ಮೊಲ, ಪಕ್ಕದಲ್ಲಿ ಬಕೆಟ್ ಹಿಡಿದ ನಾನು. ಅವರಲ್ಲಿ ಹಿರಿಯವನು ಬೆಂಕಿ ನೋಡಿ, ಮೊಲ ನೋಡಿ, ನಮ್ಮನ್ನು ನೋಡಿದ. "ಮುಂದಿನ ಸಲ ಚರ್ಮ ಸುಲಿದುಬಿಡು ಮೇಟ್" ಎಂದಷ್ಟೇ ಹೇಳಿ ತೊಟ್ಟಿಗೆ ನೀರು ಸುರಿಸಿದ.

ಅಷ್ಟರಲ್ಲಿ ಯಾರೋ ಬೀದಿಯಲ್ಲಿ ನಿಂತ ಕೆಂಪು ಲಾರಿಯ ಫೋಟೊ ತೆಗೆದು ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದ್ದರು: ಮಂಜುನಾಥ್ ಮನೆಗೆ ಬೆಂಕಿ. ನಮ್ಮ ಜನಕ್ಕೆ ಹೇಳಬೇಕೆ? ಅಗ್ನಿಶಾಮಕದವರು ಪೈಪು ಸುತ್ತಿಕೊಂಡು ಹೊರಡುವ ಹೊತ್ತಿಗೆ ಒಂದು ಕಾರು ಪಕ್ಕದ ಮನೆಯ ಹುಲ್ಲಿನ ಮೇಲೇ ಹತ್ತಿ ನಿಂತಿತು. ಮನೆಯ ಚಪ್ಪಲಿಯಲ್ಲಿ, ಅರ್ಧ ಬಾಚಿದ ತಲೆಯಲ್ಲಿ ಸುಮಕ್ಕ ಓಡಿ ಬಂದಳು.

"ಮಗು ಎಲ್ಲಿ? ಸವಿತಾ ಎಲ್ಲಿ?"

ಸವಿತಾ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಸುಮಕ್ಕ ಕೂಸಿನ ತಲೆ, ಬೆನ್ನು, ಕಾಲು ಎಲ್ಲ ಮುಟ್ಟಿ ನೋಡಿದಳು. ಆ ಕೂಸನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆಮೇಲೆ ತಿರುಗಿ ತಮ್ಮನನ್ನು ನೋಡಿದಳು. ಅವನು ಕೈಯಲ್ಲಿ ಇನ್ನೂ ಮೊಲ ಹಿಡಿದುಕೊಂಡೇ ಇದ್ದ. ಹೊರಟೇ ಹೋಗುತ್ತಾಳೆ ಎಂದುಕೊಂಡೆ.

"ಥೂ, ಯಾರ್ಲಾ ನಿಂಗೆ ಹೇಳ್ಕೊಟ್ಟೋರು?" ಎಂದಳು. ಲ್ಯಾಬಿನ ನಯವಾದ ಮಾತೆಲ್ಲ ಹೋಗಿ ಮಳವಳ್ಳಿ ಬಂದಿತ್ತು. "ಅರಿಶ್ನ ಹಚ್ಚಿ ಸುಡೋದೇನ್ಲಾ? ಸುಟ್ಟು, ಕೆರ್ದು, ತೊಳ್ದು ಆಮೇಕೆ ಅರಿಶ್ನ! ಅಪ್ಪ ಮಾಡೋದ ನಿತ್ಕೊಂಡ್ ನೋಡ್ತಿದ್ದಲ್ಲ, ಏನ್ ನೋಡ್ತಿದ್ದೆ? ಕೊಡಿಲ್ಲಿ!"

ಮಂಜು ಕೊಟ್ಟ. ಕೊಟ್ಟವನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅಳತೊಡಗಿದ. ಅವಳು ಸಮಾಧಾನ ಮಾಡಲಿಲ್ಲ. ಗ್ಯಾಸ್ ಒಲೆಯೊಂದನ್ನು ಹೊರಗೆ ತರಿಸಿ, ಉಳಿದ ರೋಮವನ್ನು ಸಣ್ಣ ಉರಿಯಲ್ಲಿ ತಿರುತಿರುಗಿಸಿ ಸುಟ್ಟು, ಚಾಕುವಿನ ಬೆನ್ನಿನಿಂದ ಕೆರೆದು ಬಿಳಿಚುವ ತನಕ ತೊಳೆದಳು. ತುಂಡು ಮಾಡಿದಳು. ಕೈ ಕೆಲಸ ಮಾಡುತ್ತಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಸವಿತಾ ಸೆರಗಿನಂತೆ ಹೊದ್ದಿದ್ದ ತನ್ನ ಶಾಲಿನಿಂದ ಒರೆಸಿದಳು.

ಗುಡ್ಡೆ ಹಾಕಿದ್ದಾಯಿತು. ನಾನು ಅಭ್ಯಾಸದಂತೆ ಬೇಲಿಯ ಕಡೆ ತಿರುಗಲು ಹೋದೆ.

"ನೀವು ಬಿಡಿ. ಇವತ್ತು ನಾನು ತಿರುಗ್ತೀನಿ" ಎಂದಳು ಸುಮಕ್ಕ.

ಮಂಜು ಸೌಟಿನ ತುದಿಯಿಂದ ಒಂದು ಗುಡ್ಡೆ ಮುಟ್ಟಿದ. "ಇದು ಯಾರದು?"

"ತೋಟದವ್ರದು."

"ಇದು ಯಾರದು?"

"ನಿಮ್ಮನೇದು."

ಇನ್ನು ಉಳಿದದ್ದು ಒಂದೇ ಗುಡ್ಡೆ. ಅದು ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಪದ್ಧತಿ ಪದ್ಧತಿಯೇ, ಮಂಜು ಕೇಳಿದ.

ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, "ಅಪ್ಪಂದು" ಎಂದಳು.

ಹೇಳಿದವಳೇ ಈ ಕಡೆ ತಿರುಗಿದಳು. "ಕರ್ದಾಯ್ತು. ಇನ್ನು ಬದ್ಲಾಯ್ಸಂಗಿಲ್ಲ. ಸಾರು ನಾನು ಮಾಡ್ತೀನಿ, ಎಡೆ ನೀನಿಡು. ಅವತ್ತು ಆಗ್ಲಿಲ್ಲ, ಇವತ್ತು ಇಡು."

ಮೊಲದ ಮೈಯಲ್ಲಿ ಕೊಬ್ಬಿಲ್ಲ, ಕುಕ್ಕರಿಗೆ ಹಾಕಿದರೆ ನಾರಾಗುತ್ತದೆ. ಇಡೀ ಚಳಿಗಾಲ ಸವಿತಾ ಅದನ್ನೇ ಮಾಡಿದ್ದಳು, ಮಂಜು ಮಾತಾಡದೆ ನಾರನ್ನೇ ತಿಂದಿದ್ದ. ಸುಮಕ್ಕ ಅಗಲವಾದ ಪಾತ್ರೆಯಲ್ಲಿ ಈರುಳ್ಳಿ ಬಾಡಿಸಿ, ಧನಿಯ, ಒಣಮೆಣಸಿನಕಾಯಿ, ಗಸಗಸೆ, ಕೊಬ್ಬರಿ ಹುರಿದು ರುಬ್ಬಿ, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟು ಮುದ್ದೆ ತಿರುವಿದಳು. ಆ ಮನೆಯಲ್ಲಿ ಅಪ್ಪನ ಪಟವೇ ಇರಲಿಲ್ಲ. ಹಾಕಿಕೊಳ್ಳಲು ಮಂಜುವಿಗೆ ಮುಖವಿರಲಿಲ್ಲವಂತೆ. ಸುಮಕ್ಕ ತನ್ನ ಫೋನಿನಲ್ಲಿ ಒಂದು ಫೋಟೊ ತೆಗೆದು ಉಪ್ಪಿನ ಡಬ್ಬಿಗೆ ಒರಗಿಸಿದಳು. ಅದು ಆರಿ ಆರಿ ಹೋಗುತ್ತಿತ್ತು. ಮಂಜು ಸೆಟ್ಟಿಂಗ್ ಬದಲಿಸಿ ಆರದಂತೆ ಮಾಡಿದ. ಸ್ನಾನ ಮಾಡಿ ಬಂದು ಫೋನಿನ ಮುಂದೆ ತಟ್ಟೆ ಇಟ್ಟ. ಮುದ್ದೆ, ಸಾರು, ಒಂದು ಲೋಟ ನೀರು.

"ಕರಿ" ಎಂದಳು ಅಕ್ಕ.

"ಅಪ್ಪ, ತಪ್ಪಾಯ್ತು" ಎಂದ ಮಂಜು. "ಬಾ, ಊಟ ಮಾಡು."

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಸವಿತಾ ಗಾಜಿನ ಬಾಗಿಲು ಎಳೆದು ಪರದೆ ಮುಚ್ಚಿದಳು. ನಾವು ಹಿತ್ತಲಲ್ಲಿ ನಿಂತೆವು. ಬಿಸಿಲು ಇಳಿದಿತ್ತು, ತೊಟ್ಟಿಯಲ್ಲಿ ಬೂದಿ ನೀರಿನಲ್ಲಿ ತೇಲುತ್ತಿತ್ತು, ಸುಟ್ಟ ರೋಮದ ವಾಸನೆ ಇನ್ನೂ ಅಲ್ಲೇ ಇತ್ತು. ಕೂಸು ಅತ್ತೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಸಾಕಷ್ಟು ಹೊತ್ತಾಯಿತು ಎನಿಸಿ ಸವಿತಾ ಬಾಗಿಲು ತಟ್ಟಲು ಕೈ ಎತ್ತಿದಳು.

ಮಂಜು ಆ ಕೈ ಹಿಡಿದುಕೊಂಡ. ಅಕ್ಕನ ಕಡೆ ನೋಡಿದ.

"ತಡಿ ಸವಿತಾ" ಎಂದಳು ಸುಮಕ್ಕ. "ಅಪ್ಪ ಇನ್ನೂ ಮೂಳೆ ಜೋಡಿಸ್ತಾ ಇರ್ತಾರೆ."